ಖರ್ಚಾದ ಉಸಿರು

ವೀಳ್ಯದೆಲೆಯ ತುದಿಯಿಂದ ದೊಡ್ಡವ್ವನ ಬಾಯಿಗೆ ನೀರು ಬಿಡಲು ಅನಿತಾ ಬಾಗಿದ್ದಳು. ಮಂಜಮ್ಮ ಅವಳ ಮಣಿಕಟ್ಟು ಹಿಡಿದುಬಿಟ್ಟಳು.

"ನೀ ಬಿಡಬ್ಯಾಡವ್ವ."

ದೊಡ್ಡವ್ವ ಹೊನ್ನೂರಮ್ಮನ ಹೆಣವನ್ನು ಕುರುಗೋಡಿನ ಮನೆಯ ಕಟ್ಟೆಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಬೆಳಿಗ್ಗೆಯಷ್ಟೇ ಬಳ್ಳಾರಿಯ ಆಸ್ಪತ್ರೆಯಿಂದ ತಂದಿದ್ದರು. ಸಿರುಗುಪ್ಪದ ಅಕ್ಕಿ ಮಿಲ್ಲಿನಲ್ಲಿ ಅವಳ ಜೊತೆ ಚೀಲಕ್ಕೆ ಭತ್ತದ ಹೊಟ್ಟು ತುಂಬುತ್ತಿದ್ದ ಮಂಜಮ್ಮ ಮತ್ತಿತರ ಹೆಂಗಸರು ಗೂಡ್ಸ್ ಗಾಡಿ ಮಾಡಿಕೊಂಡು ಬಂದಿದ್ದರು. ಅಳುತ್ತಿದ್ದವರೂ ಅಳು ನಿಲ್ಲಿಸಿ ಈ ಕಡೆ ನೋಡಿದರು.

"ಯಾಕ ಮಂಜಮ್ಮಕ್ಕ?"

"ಯಾಕಂತ ನನ್ನ ಕೇಳ್ತಿ? ಆ ಪೀಪಿಯಾಗ ಊದಿಸಿ ಊದಿಸಿ ಆಕಿ ಉಸಿರೆಲ್ಲ ಖರ್ಚು ಮಾಡಿಸಿದಿ. ಈಗ ನೀರು ಬಿಡಾಕ ಬಂದಿಯೇನು?"

ಹೊನ್ನೂರಮ್ಮನ ಮಗ ಚನ್ನಬಸವ ಹೆಣ ಹೊರುವ ಬಿದಿರು ಕಟ್ಟುತ್ತಿದ್ದವನು ಎದ್ದು ಬಂದ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಬಂದಿದ್ದ ಅವನ ಕಣ್ಣುಗಳು ಕೆಂಪಾಗಿದ್ದವು.

"ಕೈ ಬಿಡು ಅತ್ತಿ. ತಂಗಿ ಮಗಳಾದ್ರೂ ನಮ್ಮವ್ವಗ ಆಕಿನೇ ಮಗಳು."

ಮಂಜಮ್ಮ ಬಿಟ್ಟಳು. ಆದರೆ ಅನಿತಾ ಎಲೆಯನ್ನು ಅವಸರದಲ್ಲಿ ಬಾಗಿಸಿದಳು. ನೀರು ತುಟಿಯೊಳಗೆ ಹೋಗದೆ ಗದ್ದದ ಮೇಲೆ ಹರಿಯಿತು. ಹಿಂದಿನಿಂದ ಯಾರೋ, "ನೋಡಿದಿ? ತಗಳ್ಳಿಲ್ಲ" ಎಂದು ಪಿಸುಗುಟ್ಟಿದರು.

*

ವಿಜ್ಞಾನದ ಕೋಣೆಗಳಲ್ಲಿ ಹೆಚ್ಚಾಗಿ ಕಾಣಿಸದ ಸಮುದಾಯಗಳಿಂದ ಬಂದ ಯುವ ಆರೋಗ್ಯ ಸಂಶೋಧಕರಿಗೆಂದೇ ಇದ್ದ ಸಣ್ಣ ಅನುದಾನ ಅದು. ಅನಿತಾಳಿಗೆ ಸಿಕ್ಕಾಗ ಮನೆಯಲ್ಲಿ ಯಾರಿಗೂ ಅದು ಏನೆಂದು ಅರ್ಥವಾಗಿರಲಿಲ್ಲ. ಮಿಲ್ಲಿನ ಹೆಂಗಸರು ಪೀಪಿ ಎನ್ನುತ್ತಿದ್ದ, ಉಸಿರಿನ ಬಲ ಅಳೆಯುವ ಒಂದು ಯಂತ್ರ ಮತ್ತು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಬಸ್ಸಿನ ಓಡಾಟ, ಅಷ್ಟಕ್ಕೆ ಅದು ಸಾಲುತ್ತಿತ್ತು. ಕೆಲಸವೂ ಸರಳವೇ. ಮಿಲ್ಲಿನ ಸೀಸನ್ ಶುರುವಾಗುವ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಅದೇ ಹೆಂಗಸರಿಂದ ಊದಿಸಬೇಕು. ನಡುವಿನ ವ್ಯತ್ಯಾಸವೇ ಹೊಟ್ಟಿನ ಧೂಳು ತಿಂದ ಉಸಿರು. ಎರಡನೇ ಸುತ್ತು ತಪ್ಪಿದರೆ ಹೋಲಿಕೆ ಇಲ್ಲ, ಹೋಲಿಕೆ ಇಲ್ಲದಿದ್ದರೆ ಅಧ್ಯಯನವೂ ಇಲ್ಲ, ಮುಂದಿನ ಅನುದಾನವೂ ಇಲ್ಲ.

"ಅವರು ಒಪ್ಪುತ್ತಾರೆಯೇ?" ಎಂದು ಸಂದರ್ಶನದಲ್ಲಿ ಕೇಳಿದ್ದರು.

"ನಮ್ಮ ದೊಡ್ಡಮ್ಮ ಅಲ್ಲೇ ಕೆಲಸ ಮಾಡುತ್ತಾರೆ" ಎಂದಿದ್ದಳು ಅನಿತಾ. ಅಷ್ಟೇ ಅವಳ ಬಂಡವಾಳ.

ಮೊದಲ ದಿನ ಮಿಲ್ಲಿನ ಹಿಂದಿನ ಹೊಟ್ಟಿನ ಗುಡ್ಡೆಯ ಹತ್ತಿರ ಒಬ್ಬಳೂ ಯಂತ್ರ ಮುಟ್ಟಲಿಲ್ಲ. ಹೊನ್ನೂರಮ್ಮ ಸೆರಗು ಸಿಕ್ಕಿಸಿ, "ಕೊಡಿಲ್ಲಿ" ಎಂದು ಕಸಿದುಕೊಂಡು ಕಣ್ಣು ಮುಚ್ಚಿ ಊದಿದಳು. ಊದಿ ಮುಗಿಯುವಷ್ಟರಲ್ಲಿ ಕೆಮ್ಮು ಬಂತು.

"ಅಕ್ಕಾ, ಗಂಡನ್ನ ಬೈಯುವಾಗ ಇದಕ್ಕಿಂತ ಜೋರೈತಲ್ಲ ನಿನ್ನ ಉಸಿರು!" ಎಂದಳು ಮುನ್ನಿ. ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಅವಳೇ.

"ಆವಾಗ ಅವನ ಮಾರಿ ಎದುರಿಗಿರ್ತತಿ. ಇದರಾಗ ಯಾರ ಮಾರಿ ನೋಡಿ ಊದ್ಲಿ?"

ಎಲ್ಲರೂ ನಕ್ಕರು. ನಗುತ್ತಲೇ ಊದಿದರು. ಅಂದಿನಿಂದ ಯಾವ ಗುಂಪು ಬಂದರೂ ಮೊದಲು ಊದುವವಳು ಹೊನ್ನೂರಮ್ಮನೇ. ಸ್ವಂತದವರನ್ನು ಅಧ್ಯಯನಕ್ಕೆ ಸೇರಿಸುವಂತಿರಲಿಲ್ಲವಾದ್ದರಿಂದ ಅವಳು ಊದಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ. ಅವಳ ಕೆಮ್ಮು ಕಂಡು ಅನಿತಾ ಬಳ್ಳಾರಿಯ ಡಾಕ್ಟರಿಗೆ ತೋರಿಸಿದ್ದಳು. ಎದೆ ಕೆಟ್ಟಿದೆ, ಧೂಳಿನ ಕೆಲಸ ಬಿಡಬೇಕು ಎಂದಿದ್ದರು ಅವರು. ಹೊನ್ನೂರಮ್ಮ ಮಾತ್ರೆ ತೆಗೆದುಕೊಂಡು ಮರುದಿನ ಮಿಲ್ಲಿಗೇ ಹೋದಳು. ಸೀಸನ್ ಮುಗಿಯುವ ವಾರ, ಎರಡನೇ ಸುತ್ತಿಗೆ ಮುಂಚೆಯೇ, ಆಸ್ಪತ್ರೆ ಸೇರಿದಳು.

*

ಮಣ್ಣು ಕೊಟ್ಟಾಯಿತು. ಸ್ಮಶಾನದ ಹೊರಗಿನ ನೀರಿನ ತೊಟ್ಟಿಯಲ್ಲಿ ಅನಿತಾ ಕೈಕಾಲು ತೊಳೆಯುತ್ತಿದ್ದಾಗ ಮಿಲ್ಲಿನ ಹೆಂಗಸರು ಸುತ್ತ ಬಂದು ನಿಂತರು. ಮತ್ತೆ ಬೈಗುಳವೇ ಇರಬೇಕೆಂದು ಅವಳು ತಲೆ ಎತ್ತಲಿಲ್ಲ.

"ನಾಳಿ ಬಾ" ಎಂದಳು ಮಂಜಮ್ಮ. "ಎಲ್ಲಾರೂ ಊದ್ತೀವಿ."

ಅನಿತಾ ತಿರುಗಿದಳು.

"ಮಾತಾಡ್ಕಂಡೀವಿ. ದೇವ್ರು ಉಸಿರು ಎಣಿಸಿ ಕೊಟ್ಟಿರ್ತಾನ. ಆಕಿ ನಮಗ ಧೈರ್ಯ ಬರ್ಲಿ ಅಂತ ತನ್ನ ಪಾಲಿಂದು ಊದಿ ತೀರಿಸಿಕಂಡ್ಳು. ಈಗ ನಾವು ಬ್ಯಾಡ ಅಂದ್ರ ಆಕಿ ಉಸಿರು ಸುಮ್ನ ಗಾಳಿಗೆ ಹೋದಂಗ."

"ನಂದೂ ನಾಕು ದಿನ ಕಮ್ಮಿ ಆದ್ರ ಆಗ್ಲಿ" ಎಂದು ಮುನ್ನಿ ದುಪಟ್ಟಾದಿಂದ ಮೂಗೊರೆಸಿದಳು. "ಇದ್ದಾದ್ರೂ ಏನ್ ಮಾಡೋದೈತಿ."

ಹ್ಞೂಂ ಅಂದರೆ ಸಾಕಿತ್ತು. ಎರಡನೇ ಸುತ್ತು ಕೈಗೆ ಬಂದು ಕೂತಿತ್ತು. ಅನಿತಾಳ ಎದೆ ಹಗುರಾಯಿತು. ಹಾಗೆ ಹಗುರಾದದ್ದು ತಿಳಿದು ತೊಟ್ಟಿಯ ನೀರನ್ನು ಮುಖಕ್ಕೆ ಎರಚಿಕೊಂಡಳು. ಗೂಡ್ಸ್ ಗಾಡಿಯವನು ಹಾರ್ನ್ ಹೊಡೆದ.

"ಹಂಗ ಅಂದ್ಕಂಡು ಊದಬ್ಯಾಡ್ರಿ" ಎಂದಳು ಅನಿತಾ.

"ಮತ್ತ?"

"ಊದಿದ್ರ ಉಸಿರು ತೀರಂಗಿಲ್ಲಕ್ಕ. ದೊಡ್ಡವ್ವನ ತಗಂಡಿದ್ದು ಪೀಪಿ ಅಲ್ಲ, ಹೊಟ್ಟಿನ ಧೂಳು. ಆ ಧೂಳು ದಿನಾ ನಿಮ್ಮ ಎದ್ಯಾಗೂ ಹೋಗ್ತತಿ."

ಮುನ್ನಿ ತನ್ನ ಎದೆಯ ಕಡೆ ನೋಡಿಕೊಂಡಳು, ಅಲ್ಲಿ ಏನೋ ಅಂಟಿದೆಯೆಂಬಂತೆ.

"ನಿಂಗ ಬುದ್ಧಿ ಐತೇನ್ಲೇ?" ಮಂಜಮ್ಮನ ದನಿ ಏರಿತು. "ಪೀಪಿ ಆಗಿದ್ರ ಊದೋದು ಬಿಟ್ರ ಮುಗೀತಿತ್ತು. ಧೂಳಂದ್ರ ಏನ್ ಬಿಡಾಣ? ಕೂಲಿ ಬಿಡಾಣೇನು?"

"ಗೊತ್ತಿಲ್ಲಕ್ಕ. ಅಳತಿ ಮಾಡಿ ತೋರಿಸಿದ್ರ ಯಾರರ ಕೇಳಬೌದು. ಕೇಳದೇನೂ ಇರಬೌದು." ಅನಿತಾ ಅಂಗೈ ಬಾಯಿಯ ಮುಂದೆ ಹಿಡಿದು ಊದಿದಳು. "ಹಿಂಗ ಊದಿ ನೋಡು. ಈಗ ಒಳಗ ಎಳ್ಕ. ಹೋಗಿದ್ದು ತಿರುಗಿ ಬರ್ತತಿ, ನೋಡು."

ಮಂಜಮ್ಮ ನೋಡಲಿಲ್ಲ. ಸೆರಗು ಕೊಡವಿ ಗಾಡಿಯ ಕಡೆ ನಡೆದಳು. ಉಳಿದವರು ಹಿಂದೆಯೇ ಹತ್ತಿದರು. ನಾಳೆಯ ಮಾತು ಯಾರೂ ಎತ್ತಲಿಲ್ಲ.

ಗಾಡಿ ಸಿರುಗುಪ್ಪದ ದಾರಿಗೆ ತಿರುಗಿತು. ಹಿಂದಿನ ಅಂಚಿನಲ್ಲಿ ಕೂತಿದ್ದ ಮಂಜಮ್ಮ ಬಹಳ ಹೊತ್ತು ಕಬ್ಬಿಣದ ಸರಳು ಹಿಡಿದೇ ಇದ್ದಳು. ಆಮೇಲೆ ಒಂದು ಕೈ ಬಿಟ್ಟು, ಅಂಗೈಯನ್ನು ಬಾಯಿಯ ಮುಂದೆ ತಂದಳು. ಅವಳ ಪಕ್ಕದಲ್ಲಿ ಮುನ್ನಿ. ನಂತರ ಒಳಗೆ ಕೂತ ಇನ್ನೊಬ್ಬಳು, ಮತ್ತೊಬ್ಬಳು. ಒಬ್ಬರ ಮುಖ ಒಬ್ಬರು ನೋಡದೆ, ಕೆಮ್ಮಿನ ನಡುವೆ, ಗಾಡಿ ತುಂಬ ಹೆಂಗಸರು ತಂತಮ್ಮ ಅಂಗೈಗೆ ಊದುತ್ತಾ, ಎಳೆದುಕೊಳ್ಳುತ್ತಾ ಹೋದರು.