ಬೆನ್ನ ಮೇಲಿನ ಕೈ

ಗುರೆಳ್ಳು ಹುರಿಯುವ ವಾಸನೆಗೆ ಗೋಡೆ, ಬೇಲಿ ಯಾವುದೂ ಅಡ್ಡವಾಗುವುದಿಲ್ಲ. ಸಿರಸಂಗಿಯಲ್ಲಿ ಮಾಲಾ ಸಣ್ಣವಳಿದ್ದಾಗ ಅವಳ ತಾಯಿ ಕೆಂಪವ್ವ ಶಾಸ್ತ್ರಿಗಳೊಬ್ಬರ ಮನೆಯ ಹಿತ್ತಲು ಗುಡಿಸಲು ಹೋಗುತ್ತಿದ್ದಳು. ಬಾವಿಕಟ್ಟೆಯ ಆಚೆ ಕೂತ ಮಾಲಾಳ ಮೂಗಿಗೆ ಮೊದಲು ಕಾದ ಬಾಣಲಿಯ ವಾಸನೆ, ಆಮೇಲೆ ಗುರೆಳ್ಳಿನದು, ಕೊನೆಗೆ ಇಂಗಿನದು ಬಂದು ಮುಟ್ಟುತ್ತಿತ್ತು. ಕೆಲಸ ಮುಗಿದ ಮೇಲೆ ಮನೆಯಾಕೆ ರೊಟ್ಟಿ, ಗುರೆಳ್ಳು ಚಟ್ನಿಪುಡಿಯ ಪೊಟ್ಟಣವನ್ನು ಮುಟ್ಟದಂತೆ ಮೇಲಿನಿಂದ ಬಿಡುತ್ತಿದ್ದರು. ಕೆಂಪವ್ವ ಸೆರಗೊಡ್ಡಿ ಹಿಡಿಯುತ್ತಿದ್ದಳು. ಒಂದು ಸಲವೂ ನೆಲಕ್ಕೆ ಬಿದ್ದದ್ದಿಲ್ಲ. ತನ್ನ ಅವ್ವನಿಗೆ ಯಾರಾದರೂ ಕ್ರಿಕೆಟ್ ಕಲಿಸಿದ್ದರೆ ಒಂದು ಕ್ಯಾಚೂ ಬಿಡುತ್ತಿರಲಿಲ್ಲ ಎಂದು ಮಾಲಾ ಈಗ ನಗುತ್ತಾಳೆ. ಚಟ್ನಿ ಬಹಳ ರುಚಿಯಾಗಿತ್ತು, ಅದನ್ನೂ ಹೇಳಬೇಕು.

ಈಗ ಆಕೆ ದೊಡವಾಡದ ಹೈಸ್ಕೂಲೊಂದರಲ್ಲಿ ಆಟದ ಶಿಕ್ಷಕಿ. ಬೈಲಹೊಂಗಲದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಶಾಲೆಯ ಮೈದಾನಕ್ಕೆ ಹೊಂದಿಕೊಂಡೇ ಇಂದಿರಾಬಾಯಿಯವರ ಮನೆ. ಅಲ್ಲಿಂದಲೂ ಆಗಾಗ ಅದೇ ವಾಸನೆ ತೇಲಿಬರುತ್ತದೆ. ಇಂದಿರಾಬಾಯಿಯವರ ಮೊಮ್ಮಗಳು ವರದಾ ಹತ್ತನೇ ತರಗತಿಯ ಹುಡುಗಿ, ಮಾಲಾಳ ಖೋ-ಖೋ ತಂಡದಲ್ಲಿ ಎಲ್ಲರಿಗಿಂತ ವೇಗವಾಗಿ ಓಡುವವಳು.

ಆ ವರದಾಳಿಂದಲೇ ತಂಡ ಸೋಲುತ್ತಿತ್ತು.

ಖೋ-ಖೋ ನೋಡಿದವರಿಗೆ ಗೊತ್ತು. ಎಂಟು ಜನ ಎರಡು ಕಂಬಗಳ ನಡುವೆ ಸಾಲಾಗಿ ಕೂತಿರುತ್ತಾರೆ, ಒಬ್ಬರ ಮುಖ ಈ ಕಡೆ, ಪಕ್ಕದವರದು ಆ ಕಡೆ. ಒಂಬತ್ತನೆಯವಳು ಎದುರಾಳಿಯನ್ನು ಅಟ್ಟಿಕೊಂಡು ಹೋಗುತ್ತಾಳೆ. ಬೇಕಾದಾಗ ಕೂತವಳೊಬ್ಬಳ ಬೆನ್ನು ಮುಟ್ಟಿ "ಖೋ" ಎಂದರೆ ಅವಳು ಎದ್ದು ಓಡಬೇಕು, ಇವಳು ಆ ಜಾಗದಲ್ಲಿ ಕೂರಬೇಕು. ಹಿಂದಿನಿಂದ ಯಾರು ಬರುತ್ತಾರೆಂದು ಕೂತವಳಿಗೆ ಕಾಣುವುದಿಲ್ಲ. ಬೆನ್ನಿಗೆ ಕೈ ತಾಗುವ ತನಕ ಏಳುವಂತಿಲ್ಲ. ಮುಟ್ಟದೆ ಬರೀ ಬಾಯಿಂದ "ಖೋ" ಎಂದರೆ ಫೌಲ್.

ಫೌಲ್ ಎಲ್ಲವೂ ವರದಾ ಕೂತಲ್ಲೇ ಆಗುತ್ತಿತ್ತು. ಹುಡುಗಿಯರು ಭರ್‍ರನೆ ಓಡಿ ಬಂದು "ಖೋ" ಎನ್ನುವರು, ಆದರೆ ಕೈ ಅವಳ ಬೆನ್ನಿನಿಂದ ಒಂದು ಗೇಣು ಹಿಂದೆಯೇ ನಿಂತುಬಿಡುವುದು. ಸೀಟಿ ಊದುವಷ್ಟರಲ್ಲಿ ಎದುರಾಳಿ ಮೈದಾನದ ಆ ತುದಿಗೆ ಹೋಗಿರುತ್ತಿದ್ದಳು.

"ಆಕಿನ್ನ ಕುಂದ್ರಸಬ್ಯಾಡ್ರಿ ಅಕ್ಕೋರ," ಎಂದಳು ನೀಲವ್ವ. "ಆಕಿ ಕುಂತಲ್ಲೇ ಪಾಯಿಂಟ್ ಹೊಕ್ಕಾವ."

"ಮುಟ್ಟದಿರಾಕ ನಿಮಗೇನ ಕರೆಂಟ್ ಹೊಡಿತೈತೇನ?" ಎಂದು ಮಾಲಾ ಬೈದಳು. ಹುಡುಗಿಯರು ನೆಲ ನೋಡಿದರು.

ಆ ಸಂಜೆ ವರದಾ ತನ್ನ ಬೂಟುಗಳನ್ನು ಕೈಯಲ್ಲಿ ಹಿಡಿದು ಬಂದಳು. "ನಾ ಬಿಡ್ತೇನ್ರಿ ಅಕ್ಕೋರ. ನನ್ನ ಸಲುವಾಗಿ ಎಲ್ಲಾರೂ ಸೋಲೋದ್ ಬ್ಯಾಡ."

"ನಿನಗ ಆಡೋ ಮನಸೈತಿಲ್ಲ?"

ಹುಡುಗಿ ಬೂಟಿನ ಲೇಸನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು. ಬೈಲಹೊಂಗಲದ ತಾಲೂಕು ಪಂದ್ಯ ಮುಂದಿನ ವಾರವೇ ಇತ್ತು. ಈಗ ಕೈಬಿಟ್ಟರೆ ಈ ಹುಡುಗಿ ಮತ್ತೆಂದೂ ಮೈದಾನಕ್ಕೆ ಇಳಿಯುವುದಿಲ್ಲ ಎಂದು ಮಾಲಾಗೆ ಅನ್ನಿಸಿತು. "ನಾಳೆ ಒಂದಿನ ಬಾ. ಆಮ್ಯಾಲ ಬಿಡೂನಂತ," ಎಂದಳು.

ಹಿಂದಿನ ವರ್ಷ ಬೆಳಗಾವಿಯಲ್ಲಿ ಆಟಗಾರರ ಮನಸ್ಸಿನ ತಯಾರಿಯ ಕುರಿತು ಒಂದು ತರಬೇತಿ ನಡೆದಿತ್ತು. ಪಂದ್ಯವನ್ನು ಮೊದಲು ಕಣ್ಣು ಮುಚ್ಚಿ ಮನಸ್ಸಿನಲ್ಲೇ ಆಡಿಸಿರಿ ಎಂದು ಅಲ್ಲಿ ಹೇಳಿದ್ದರು. ಮರುದಿನ ಮಾಲಾ ಹುಡುಗಿಯರನ್ನು ಬೇವಿನ ಗಿಡದ ಕೆಳಗೆ ಕೂರಿಸಿದಳು. ವರದಾಳನ್ನು ನೀರು ತರಲು ಕಳಿಸಿದಳು.

"ಕಣ್ಣ ಮುಚ್ಚರಿ. ಬೈಲಹೊಂಗಲಕ್ಕ ಹೋಗೀರಿ. ಏನ್ ಕಾಣತೈತಿ?"

"ಬಸ್‌ಸ್ಟ್ಯಾಂಡಿನ್ಯಾಗ ಗಿರಮಿಟ್ಟ್ರೀ," ಎಂದಳು ಭಾಗೀರಥಿ. ಆಕೆ ತಂಡದ ನಾಯಕಿ. "ಮ್ಯಾಲ ಮಿರ್ಚಿ ಭಜಿ."

"ಗಿರಮಿಟ್ ಆಮ್ಯಾಲ ತಿನ್ನಾಕಂತ. ಮೈದಾನಕ್ಕ ನಡಿ!"

ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮಾಲಾ ಮೆಲ್ಲಗೆ ಹೇಳುತ್ತಾ ಹೋದಳು: ಓಡುತ್ತಿದ್ದೀರಿ, ಎದುರಾಳಿ ಬಲಕ್ಕೆ ತಿರುಗಿದಳು, ಮುಂದೆ ವರದಾ ಕೂತಿದ್ದಾಳೆ, ಅವಳ ಬೆನ್ನು ಕಾಣುತ್ತಿದೆ, ಕೈ ಎತ್ತಿರಿ... "ಈಗ ಏನ್ ಕಾಣತೈತಿ?"

ಭಾಗೀರಥಿಯ ಹುಬ್ಬು ಗಂಟಾಯಿತು. "ಅಜ್ಜಿ," ಎಂದಳು.

"ಯಾವ ಅಜ್ಜಿ?"

"ವರದಾನ ಅಜ್ಜಿರೀ. ಕೋಲ್ ಹಿಡಕೊಂಡ ನಿಂತಾರ. 'ದೂರ! ದೂರ ನಿಲ್ರಿ! ಮಡಿ ಅದ!' ಅನ್ನಾಕ ಹತ್ಯಾರ."

"ನನಗೂ ಅವರ ಕಾಣಾಕ ಹತ್ಯಾರ್ರಿ!" ಎಂದಳು ನೀಲವ್ವ ಕಣ್ಣು ತೆರೆದು. ಒಬ್ಬೊಬ್ಬರಾಗಿ ಎಲ್ಲರೂ ಕಣ್ಣು ತೆರೆದು ಪರಸ್ಪರ ನೋಡಿಕೊಂಡರು. ಊರಿನ ಈ ಹುಡುಗಿಯರೆಲ್ಲ ಒಂದನೇ ತರಗತಿಯಿಂದ ದಿನಾ ಬೆಳಿಗ್ಗೆ ಇಂದಿರಾಬಾಯಿಯವರ ಅಂಗಳ ದಾಟಿಯೇ ಶಾಲೆಯ ದಾರಿ ಹಿಡಿದವರು. ಪೂಜೆಯ ನೀರು ಹೊತ್ತ ಮುದುಕಿ, ಎತ್ತಿದ ಕೋಲು, ಆ ಕೂಗು. ಬುದ್ಧಿ ಮರೆತದ್ದನ್ನು ಕೈ ಮರೆತಿರಲಿಲ್ಲ.

ಮಾಲಾ ಸಂಜೆ ಆ ಮನೆಗೆ ಹೋದಳು. ಹೊಸ್ತಿಲ ತನಕ ಹೋದವಳ ಕಾಲು ಅಲ್ಲೇ ನಿಂತಿತು. ತಾನೂ ಆ ಹುಡುಗಿಯರ ಹಾಗೇ ಅನ್ನಿಸಿ ಅವಳಿಗೆ ಒಳಗೊಳಗೇ ನಗು ಬಂತು.

"ಅಲ್ಲ್ಯಾಕ ನಿಂತ್ರಿ? ಒಳಗ ಬರ್‍ರಿ," ಎಂದರು ಇಂದಿರಾಬಾಯಿ. ಮಾಲಾ ಬಲಗಾಲಿಟ್ಟು ಒಳಗೆ ಹೋದಳು. ಕುರ್ಚಿ ಕೊಟ್ಟರು, ಚಹಾ ಕೊಟ್ಟರು. ವರದಾ ಆಟ ಬಿಡುತ್ತೇನೆಂದದ್ದನ್ನೂ ಬೇವಿನ ಗಿಡದ ಕೆಳಗೆ ನಡೆದದ್ದನ್ನೂ ಆಕೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ನಾನ? ಖೋ-ಖೋದಾಗ? ಕೋಲ್ ಹಿಡಕೊಂಡು?" ಇಂದಿರಾಬಾಯಿ ಸೆರಗು ಬಾಯಿಗಿಟ್ಟು ನಕ್ಕರು. ಆಮೇಲೆ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. "ವರದಾ ಬಿಡ್ತೇನಿ ಅಂದಳೇನು? ಮನ್ಯಾಗ ಒಂದ್ ಮಾತ ಆಡಿಲ್ಲ ನೋಡ್ರಿ, ಹುಡುಗಿ." ಸೆರಗು ಸರಿಮಾಡಿಕೊಂಡು, "ಮಡಿ ಅನ್ನೋದು ನೈವೇದ್ಯ ಆಗೋ ತನಕ. ಆಮ್ಯಾಲ ನಾನೂ ಎಲ್ಲಾರಂಗ ಒಬ್ಬ ಮುದುಕಿ. ಅವಕ್ಕ ಗೊತ್ತಿಲ್ಲೇನು?"

"ಅವು ನಿಮ್ಮನ್ನ ಮುಂಜಾನಿ ಅಷ್ಟ ನೋಡ್ಯಾವ್ರಿ ಅಜ್ಜಿ."

ಇಂದಿರಾಬಾಯಿ ಚಹಾದ ಕಪ್ಪುಗಳನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಮತ್ತೆ ಹೊರಗೆ ಬರಲಿಲ್ಲ. ಕೆಲಸ ಕೆಟ್ಟಿತೋ ಏನೋ ಎಂದುಕೊಂಡೇ ಮಾಲಾ ಬಸ್ ಹತ್ತಿದಳು.

ಮರುದಿನ ಅಭ್ಯಾಸ ನಡೆದಾಗ ಮೈದಾನದ ಗೇಟು ಕಿರ್‍ರೆಂದಿತು. ಇಂದಿರಾಬಾಯಿ ಬರುತ್ತಿದ್ದರು, ಕೈಯಲ್ಲಿ ಕೋಲಿಲ್ಲ, ಒಂದು ಮಣೆ. ಹುಡುಗಿಯರು ಚಿಗರೆಯ ಹಿಂಡಿನ ಹಾಗೆ ಹಿಂದೆ ಸರಿದರು. ಆಕೆ ಸಾಲಿನ ನಡುವೆ, ವರದಾ ಕೂರುವ ಜಾಗದಲ್ಲಿ ಮಣೆ ಹಾಕಿ, ಮೊಣಕಾಲು ಹಿಡಿದು ನಿಧಾನ ಕೂತರು.

"ಹೂಂ. ಕೊಡ್ರಿ ಖೋ."

ಯಾರೂ ಅಲುಗಾಡಲಿಲ್ಲ.

"ಭಾಗೀರಥಿ ಅನ್ನಾಕಿ ಯಾರವಾ? ದಿನಾ ನನ್ನ ದಾಸವಾಳ ಹರಕೊಂಡ ಹೋಗಾಕಿ ಆಕಿನ ಹೌದಲ್ಲೊ? ಹೂವಿಗೆ ಕೈ ಬರ್ತದ, ಬೆನ್ನಿಗೆ ಬರೂದಿಲ್ಲೇನು?"

ಭಾಗೀರಥಿ ಓಡಿ ಬಂದಳು. "ಖೋ" ಎಂದಳು. ಎರಡು ಬೆರಳು ಸೀರೆಗೆ ತಾಗಿದವು.

"ಸೊಳ್ಳಿ ಓಡಸ್ಲಿಕ್ಕೆ ಹತ್ತೀಯೇನ? ಮತ್ತೊಮ್ಮೆ ಬಾ!"

ಎರಡನೇ ಸಲ ಅಂಗೈ ತಾಗಿತು. ಮೂರನೆಯ ಸಲ ನೀಲವ್ವ ಬಂದು ಪಟ್ಟನೆ ಹೊಡೆದಳು. ಹೊಡೆದು ತಾನೇ ಹೆದರಿ ನಾಲಿಗೆ ಕಚ್ಚಿಕೊಂಡಳು. "ಹಾಂ! ಇದು ನೋಡು ಕೈ!" ಎಂದು ಇಂದಿರಾಬಾಯಿ ಏಳಲು ಹೋಗಿ, ಮೊಣಕಾಲು ಒಪ್ಪದೆ ಮತ್ತೆ ಕೂತರು. ಆಮೇಲೆ ಸರದಿ ಮುರಿಯಿತು. ಎಲ್ಲರಿಗೂ ಅಜ್ಜಿಗೆ ಖೋ ಕೊಡುವುದೇ ಬೇಕಾಯಿತು. ವರದಾ ಕಂಬಕ್ಕೆ ಒರಗಿ, ಎರಡೂ ಕೈ ಮುಖಕ್ಕೆ ಹಿಡಿದು ನಗುತ್ತಿದ್ದಳು. ಕಣ್ಣು ಮಾತ್ರ ಒದ್ದೆಯಾಗಿದ್ದವು. ಬೂಟು ಅವಳ ಕಾಲಲ್ಲಿತ್ತು.

"ಸಾಕ್, ಎಬ್ಬಸ್ರೆ, ನಡಾ ಹಿಡೀತು," ಎಂದು ಮುದುಕಿ ಕೈ ಚಾಚಿದಾಗ ಎತ್ತಲು ಬಂದವರು ನಾಲ್ಕೈದು ಜನ.

ತಾಲೂಕು ಪಂದ್ಯದ ದಿನ ಬೈಲಹೊಂಗಲದ ಕರಿಮಣ್ಣು ಬೂಟಿಗೆ ಅಂಟಿಕೊಳ್ಳುತ್ತಿತ್ತು. ಕೊನೆಯ ಪಂದ್ಯದ ಕೊನೆಯ ಸುತ್ತಿನಲ್ಲಿ ಎರಡೂ ತಂಡಗಳು ಸಮಸಮ. ಇನ್ನೊಬ್ಬಳನ್ನು ಮುಟ್ಟಿದರೆ ದೊಡವಾಡ ಗೆದ್ದಂತೆ. ಉಳಿದಿದ್ದ ಎದುರಾಳಿ, ಎತ್ತರದ ಹುಡುಗಿಯೊಬ್ಬಳು, ಹಾವಿನಂತೆ ಹೊರಳುತ್ತಾ ಭಾಗೀರಥಿಯ ಕೈ ತಪ್ಪಿಸಿಕೊಳ್ಳುತ್ತಿದ್ದಳು. ಸಮಯ ಮುಗಿಯುತ್ತಿತ್ತು. ಭಾಗೀರಥಿಗೆ ಉಸಿರು ಸಿಕ್ಕುತ್ತಿರಲಿಲ್ಲ. ಅವಳಿಗೆ ಎಲ್ಲರಿಗಿಂತ ಹತ್ತಿರ ಇದ್ದ ಬೆನ್ನು ವರದಾಳದು.

ಮಾಲಾ ಗೆರೆಯ ತನಕ ಬಂದು ನಿಂತಳು.

ಆ ಬೆನ್ನಿಗೆ ಬಿದ್ದ ಏಟು ಎಂಥದ್ದೆಂದರೆ ಗೆರೆಯಾಚೆ ಕುಳಿತವರೆಲ್ಲ "ಅಬಾಬಾ!" ಎಂದು ನಕ್ಕರು. ಆ ನಗು ಮುಗಿಯುವ ಮೊದಲೇ ವರದಾ ಎದ್ದು ಓಡಿ, ಮೈ ಚೆಲ್ಲಿ, ಎತ್ತರದ ಹುಡುಗಿಯ ಹಿಮ್ಮಡಿಗೆ ಬೆರಳು ತಾಗಿಸಿದ್ದಳು. ಮಣ್ಣು ಮೆತ್ತಿಕೊಂಡು ಬಿದ್ದವಳ ಮೇಲೆ ಎಂಟು ಜನ ಬಿದ್ದರು.

"ಬೆನ್ನ ಮುರೀತಲೇ!" ಎಂದು ಕೆಳಗಿನಿಂದ ವರದಾಳ ದನಿ ಬಂತು.

"ಮುರದ್ರ ಮುರೀಲಿ, ಗಿರಮಿಟ್ ತಿಂದ್ರ ಹತ್ತಕೋತೈತಿ!" ಎಂದಳು ಭಾಗೀರಥಿ.

ಗಿರಮಿಟ್ಟಾಯಿತು, ಭಜಿಯಾಯಿತು. ಹುಡುಗಿಯರನ್ನು ಮನೆ ಮುಟ್ಟಿಸಲು ಮಾಲಾ ಅವರ ಜೊತೆ ದೊಡವಾಡದ ತನಕ ಬಂದಳು. ಹೊತ್ತು ಮುಳುಗಿತ್ತು. ಹಲಗೆ ಬಾರಿಸುತ್ತಾ ಹುಡುಗಿಯರ ಮೆರವಣಿಗೆ ಓಣಿಯೊಳಗೆ ಹೋಯಿತು. ಬೈಲಹೊಂಗಲಕ್ಕೆ ಹಿಂದಿರುಗುವ ಬಸ್ಸಿಗಾಗಿ ಅವಳೊಬ್ಬಳೇ ನಿಂತಳು. ಮುಂಜಾನೆಯಿಂದ ಎಲ್ಲರಿಗೂ ತಿನ್ನಿಸಿದವಳು, ತಾನು ಏನು ತಿಂದೆ ಎಂದು ನೆನೆಸಿಕೊಂಡರೆ ನೆನಪಾಗಲಿಲ್ಲ.

ಬಸ್ಸು ತಿರುವಿನಲ್ಲಿ ಕಂಡಿತು. ಅದಕ್ಕೂ ಮೊದಲು ಆ ವಾಸನೆ ಬಂತು. ಹುರಿದ ಗುರೆಳ್ಳು, ಇಂಗು.

ಇಂದಿರಾಬಾಯಿ ಏದುಸಿರು ಬಿಡುತ್ತಾ ಬಂದು ನಿಂತಿದ್ದರು, ಕೈಯಲ್ಲಿ ಬಿಳಿ ವಸ್ತ್ರದ ಗಂಟು. ಮಾಲಾಳಿಗೆ ತಿಳಿಯುವ ಮೊದಲೇ ಅವಳ ಎರಡೂ ಕೈ ಟ್ರ್ಯಾಕ್‌ಸೂಟಿನ ಅಂಚನ್ನು ಮುಂದೆ ಎಳೆದು ಸೆರಗಿನಂತೆ ಒಡ್ಡಿದ್ದವು.

ಇಂದಿರಾಬಾಯಿ ಅದನ್ನು ನೋಡಿದರು. ಒಂದು ಹೆಜ್ಜೆ ಮುಂದೆ ಬಂದು, ಅಂಚು ಹಿಡಿದಿದ್ದ ಅವಳ ಕೈಯನ್ನು ಬಿಡಿಸಿ, ಅಂಗೈ ತೆರೆದು, ಬಿಸಿ ರೊಟ್ಟಿಯ ಗಂಟನ್ನು ಅದರಲ್ಲಿ ಇಟ್ಟರು. ಅದರ ಮೇಲೆ ತಮ್ಮ ಕೈಯನ್ನೂ ಒಂದು ಗಳಿಗೆ ಇಟ್ಟುಕೊಂಡೇ ನಿಂತರು.