ಎಡಗಡೆಯ ಪಟ್ಟಿ

ಕಷ್ಟಪಟ್ಟು ಮಾಡಿಕೊಟ್ಟ ಸರಕು ವಾಪಸ್ ಬಂದರೆ ಎಷ್ಟು ಸಂಕಟವಾಗುತ್ತದೆ ಎಂಬುದು ಅನುಭವಿಸಿದವರಿಗೇ ಗೊತ್ತು. ಟೈಲರಕ್ಕನ ಮನೆಗೆ ಆ ಬೆಳಿಗ್ಗೆ ಎರಡು ಮೂಟೆ ವಾಪಸ್ ಬಂದಿದ್ದವು. ಶಾಲೆಗೆಂದು ಅವಳು ಹೊಲಿದುಕೊಟ್ಟಿದ್ದ ನಲವತ್ತು ಚೀಲಗಳು. ಜೊತೆಗೆ ದೊಡ್ಡ ಟೀಚರ್ ಬರೆದ ಚೀಟಿ: 'ಹೆಗಲ ಪಟ್ಟಿ ಕಿತ್ತು ಬರುತ್ತಿದೆ. ಮಕ್ಕಳ ಪುಸ್ತಕವೆಲ್ಲ ರಸ್ತೆಗೆ ಬಿದ್ದವು.'

ಅದು ಅವಳ ಮೊದಲ ದೊಡ್ಡ ಆರ್ಡರ್. ಮೂಟೆಯ ಬಾಯಿ ಬಿಚ್ಚಿಯೂ ನೋಡದೆ ಬಾಗಿಲ ಹಿಂದಕ್ಕೆ ತಳ್ಳಿದಳು. ಹೊಲಿಗೆ ಮಿಷನ್ನಿಗೆ ಬಟ್ಟೆ ಹೊದಿಸಿದಳು. ಹಳೆ ಸಾಮಾನು ಕೊಳ್ಳುವವನಿಗೆ ಫೋನ್ ಮಾಡಿ, ನಾಲ್ಕು ಗಂಟೆಗೆ ಬಂದು ಮಿಷನ್ ಒಯ್ಯಲು ಹೇಳಿದಳು. ಅತ್ತೆ ಮೂಲೆಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಒಂದಕ್ಕೆ ಹತ್ತು ಮಾತಾಡುವ ಅತ್ತೆ ಅಂದು ತುಟಿಪಿಟಕ್ಕೆನ್ನಲಿಲ್ಲ.

ಪಕ್ಕದ ಸೈಕಲ್ ರಿಪೇರಿ ಅಂಗಡಿ ಒಬ್ಬ ಹೆಂಗಸಿನದು. ಬೀದಿಗೆಲ್ಲ ಅವಳು ಪಂಕ್ಚರಮ್ಮ. ಸ್ವಂತ ಹೆಸರು ಹಿಡಿದು ಕರೆದರೆ ಅವಳೇ ತಿರುಗಿ ನೋಡುತ್ತಿರಲಿಲ್ಲ. ಕತ್ತರಿ ಕೇಳಲು ಬಂದವಳ ಕಣ್ಣಿಗೆ ಮುಸುಕು ಹಾಕಿದ ಮಿಷನ್ ಬಿತ್ತು.

“ಏನೇ, ಮಿಷನ್‌ಗೆ ಜ್ವರಾನಾ? ಹೊದಿಸಿ ಮಲಗಿಸಿದ್ದೀಯ.”

“ತಮಾಷೆ ಬೇಡ ಅಕ್ಕ. ಸಂಜೆ ಮಾರ್ತಿದ್ದೀನಿ. ಈ ವ್ಯಾಪಾರ ನನ್ನ ಹಣೇಲಿ ಬರೆದಿಲ್ಲ.” ಟೈಲರಕ್ಕ ಚೀಟಿಯನ್ನು ಅವಳ ಕೈಗಿಟ್ಟಳು.

ಪಂಕ್ಚರಮ್ಮ ಓದಿದಳು. “ನಲವತ್ತೂ ಕಿತ್ತಿದ್ಯಾ?”

“ಗೊತ್ತಿಲ್ಲ.”

“ನೋಡೇ ಇಲ್ವಾ?”

“ಏನು ನೋಡೋದು? ಧೈರ್ಯವಾಗಿರು, ನಗ್ತಾ ಇರು ಅಂತ ಬುದ್ಧಿ ಹೇಳೋದಿದ್ರೆ ಈಗಲೇ ಹೇಳ್ಬಿಡು, ಕಿವಿ ಮುಚ್ಕೋತೀನಿ.”

“ನಗ್ತಾ ಕೂತ್ರೆ ಟ್ಯೂಬಿನ ತೂತು ಮುಚ್ಚಲ್ಲ ಕಣೆ. ಅಳ್ತಾ ಕೂತ್ರೂ ಮುಚ್ಚಲ್ಲ. ಗಾಳಿ ಹೋದ ಟ್ಯೂಬ್ ಬಂದ್ರೆ ನಾನೇನು ಮಾಡ್ತೀನಿ?”

“ನೀರಲ್ಲಿ ಮುಳುಗಿಸ್ತೀಯ.”

“ಗುಳ್ಳೆ ಎಲ್ಲಿಂದ ಬರುತ್ತೆ ಅಂತ ನೋಡ್ತೀನಿ. ಇಷ್ಟು ವರ್ಷ ಆದ್ರೂ ಅದನ್ನ ನೋಡೋದಂದ್ರೆ ನಂಗೆ ಕುತೂಹಲ. ಕೆಲವು ಟ್ಯೂಬ್ ನಾನೂ ಬಿಸಾಕ್ತೀನಿ. ಆದ್ರೆ ನೋಡಿದ ಮೇಲೆ. ಬಾ, ನಿನ್ನ ಗುಳ್ಳೆ ಎಲ್ಲಿದೆ ಹುಡುಕೋಣ.”

ಟೈಲರಕ್ಕ ಒಲ್ಲದ ಮನಸ್ಸಿನಿಂದ ಮೂಟೆ ಬಿಚ್ಚಿದಳು. ಮೊದಲ ಚೀಲದ ಪಟ್ಟಿ ಜೋತಾಡುತ್ತಿತ್ತು. ಎರಡನೆಯದು ಸರಿಯಾಗಿತ್ತು, ಮೂರನೆಯದೂ. ಯಾರೂ ಹೇಳದೆಯೇ ಅವಳ ಕೈ ಎರಡು ರಾಶಿ ಮಾಡತೊಡಗಿತು. ಕೊನೆಗೆ ನೋಡಿದರೆ ಕಿತ್ತದ್ದು ಬರೀ ಹನ್ನೊಂದು. ಬೆಳಿಗ್ಗೆಯಿಂದ ಅವಳ ತಲೆಯಲ್ಲಿ ನಲವತ್ತೂ ಹರಿದು ಚಿಂದಿಯಾಗಿದ್ದವು.

ಹನ್ನೊಂದರ ರಾಶಿಯನ್ನು ಮತ್ತೊಮ್ಮೆ ತಿರುವಿದಳು.

“ಅಕ್ಕ, ಇದು ವಿಚಿತ್ರ. ಹನ್ನೊಂದೂ ಎಡಗಡೆ ಪಟ್ಟಿ.”

“ಬಲಗಡೇದು ಒಂದೂ ಇಲ್ವಾ?”

“ಒಂದೂ ಇಲ್ಲ.”

ಈಗ ಅವಳಿಗೆ ಅಳು ಮರೆತೇಹೋಗಿತ್ತು. ಗಟ್ಟಿಯಿದ್ದ ಒಂದು ಚೀಲ ತೆಗೆದುಕೊಂಡಳು. ಬಲಗಡೆಯ ಪಟ್ಟಿಯನ್ನು ಇಬ್ಬರೂ ಎರಡು ಕಡೆಯಿಂದ ಜಗ್ಗಿದರು. ಪಂಕ್ಚರಮ್ಮ ಆಯ ತಪ್ಪಿ ಕೂತೇಬಿಟ್ಟಳು, ಹೊಲಿಗೆ ಅಲುಗಲಿಲ್ಲ. ಎಡಗಡೆಯದನ್ನು ಜಗ್ಗಿದರು. ಟಪ್ಪೆಂದು ಕಿತ್ತು ಬಂತು.

“ಅದೇ ಬಟ್ಟೆ, ಅದೇ ಸೂಜಿ, ಅದೇ ಕೈ,” ಎಂದು ಟೈಲರಕ್ಕ ತನಗೆ ತಾನೇ ಹೇಳಿಕೊಂಡಳು. “ಬಲಗಡೇದೆಲ್ಲ ಬೆಳಿಗ್ಗೆ ಹೊಲಿದೆ. ಎಡಗಡೇದು ಊಟ ಆದ ಮೇಲೆ. ನಡುವೆ ಏನು ಬದಲಾಯ್ತು?”

ಚೀಲವನ್ನು ಒಳಹೊರಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಳು. ಮೇಲಿನ ದಾರ ದಪ್ಪವಾಗಿಯೇ ಇತ್ತು. ಮಿಷನ್ನಿನ ಅಡಿ ಕೂರುವ ಪುಟ್ಟ ಉರುಳೆ ಬಾಬಿನ್. ಅದರಿಂದ ಬರುವ ಅಡಿಯ ದಾರ ಮಾತ್ರ ಕೂದಲೆಳೆಯಷ್ಟು ಸಣ್ಣ.

“ಇದು ಅಂಗಿ ಹೊಲಿಯೋ ದಾರ. ಬಾಬಿನ್‌ಗೆ ಇದು ಹೇಗೆ ಬಂತು?”

ಮೂಲೆಯಲ್ಲಿ ಬಟಾಣಿ ಸುಲಿಯುವುದು ನಿಂತಿತು.

“ನಾನೇ ಸುತ್ತಿದ್ದು,” ಎಂದರು ಅತ್ತೆ. “ನೀನು ಊಟಕ್ಕೆ ಕೂತಿದ್ದೆ. ದಪ್ಪ ದಾರ ಮುಗೀತಾ ಬಂದಿತ್ತು. ಅಡಿಯಲ್ಲಿರೋದು ಯಾರಿಗೆ ಕಾಣುತ್ತೆ ಅಂತ ಇದನ್ನ ಸುತ್ತಿಟ್ಟೆ.”

ಟೈಲರಕ್ಕನಿಗೆ ಸಿಟ್ಟು ನೆತ್ತಿಗೇರಿತು. ನಾಲಿಗೆಯ ತುದಿಗೆ ಬಂದ ಮಾತು ಹೊರಗೆ ಬಿದ್ದಿದ್ದರೆ ಆ ಮನೆಯಲ್ಲಿ ವಾರಗಟ್ಟಲೆ ಮೌನವಿರುತ್ತಿತ್ತು. ಆದರೆ ಬಾಬಿನ್‌ಗೆ ಯಾವ ದಾರ ಎಂದು ಅವಳು ಅತ್ತೆಗೆ ಎಂದೂ ಹೇಳಿರಲಿಲ್ಲ. ನಲವತ್ತು ಎಡಗಡೆ ಪಟ್ಟಿ ಹೊಲಿದವಳು ಒಂದನ್ನೂ ತಿರುಗಿಸಿ ನೋಡಿರಲಿಲ್ಲ.

“ಬೆಳಿಗ್ಗೇನೇ ಗೊತ್ತಿತ್ತಾ ಅತ್ತೆ?”

“ಅನುಮಾನ ಇತ್ತು. ನಿನ್ನ ಮೊದಲನೇ ಆರ್ಡರ್ ನನ್ನಿಂದ ಹಾಳಾಯ್ತು ಅಂತ ಹೇಳೋಕೆ ಬಾಯಿ ಬರಲಿಲ್ಲ.”

“ಹಾಳಾಗಿಲ್ಲ. ಎಲ್ಲಿ ತಪ್ಪಿತು ಅಂತ ಸಿಕ್ತಲ್ಲ.” ಹಾಗೆ ಹೇಳುವಾಗ ಟೈಲರಕ್ಕನ ಎದೆ ಹಗುರವಾಯಿತು. ತನ್ನ ಕೈಯಲ್ಲಿ ಕಸುಬಿಲ್ಲ ಎಂದು ಬೆಳಿಗ್ಗೆಯಿಂದ ನಂಬಿ ಕೂತಿದ್ದಳು.

ಕೂಡಲೇ ದೊಡ್ಡ ಟೀಚರಿಗೆ ಫೋನ್ ಮಾಡಿ, ಆದದ್ದನ್ನು ಮುಚ್ಚಿಡದೆ ಹೇಳಿದಳು. “ನಲವತ್ತೂ ಚೀಲದ ಎಡಗಡೆ ಪಟ್ಟಿ ಮತ್ತೆ ಹೊಲಿದು ಕೊಡ್ತೀನಿ ಮೇಡಂ.”

“ತನ್ನಿ, ನಾನೂ ಎಳೆದು ನೋಡ್ತೀನಿ. ಮುಂದಿನ ಮಾತು ಆಮೇಲೆ,” ಎಂದರು ಅವರು. ಸಿಹಿ ಮಾತೇನಲ್ಲ, ಆದರೂ ಬಾಗಿಲು ಮುಚ್ಚಿರಲಿಲ್ಲ.

ನಾಲ್ಕು ಗಂಟೆಗೆ ಹಳೆ ಸಾಮಾನಿನವನು ಬಂದಾಗ ಮಿಷನ್ ಗಡಗಡ ಓಡುತ್ತಿತ್ತು. ಅತ್ತೆ ಹೊಸ್ತಿಲಲ್ಲೇ ಅವನನ್ನು ತಡೆದರು.

“ಮಿಷನ್‌ಗೆ ಕೆಲಸ ಇದೆಯಪ್ಪ, ಮಾರಲ್ಲ. ಬಂದಿದ್ದು ಒಳ್ಳೇದೇ ಆಯ್ತು, ಈ ಪಟ್ಟಿ ಹಿಡ್ಕೊಂಡು ಜಗ್ಗು. ನಾಚಿಕೆ ಬೇಡ, ಮೈಯಲ್ಲಿರೋ ಬಲ ಎಲ್ಲ ಹಾಕು.”

ಅವನು ಕಾಲೂರಿ ಜಗ್ಗಿದ. ಮುಖ ಕೆಂಪಾಯಿತು, ಪಟ್ಟಿ ಕದಲಲಿಲ್ಲ. ಅತ್ತೆ ಅದನ್ನು ಪಕ್ಕಕ್ಕಿಟ್ಟು ಅವನ ಕೈಗೆ ಇನ್ನೊಂದು ಚೀಲ ಕೊಟ್ಟರು.

ಸಣ್ಣ ವ್ಯಾಪಾರ ಮಾಡುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಒಂದು ದಿನ ಮೂಟೆ ವಾಪಸ್ ಬರಬಹುದು. ಬೇಸರವಾಗುತ್ತದೆ, ಆಗಲಿ. ಆದರೆ ಅಂಗಡಿ ಮುಚ್ಚುವ ಮಾತು ಆಡುವ ಮೊದಲು ಮೂಟೆ ಬಿಚ್ಚಿ. ಎಷ್ಟು ಕೆಟ್ಟಿದೆ, ಎಲ್ಲಿ ಕೆಟ್ಟಿದೆ ಎಂದು ಮನೆಯವರನ್ನೂ ಕೂರಿಸಿಕೊಂಡು ಹುಡುಕಿ. ತಪ್ಪು ಒಪ್ಪಿಕೊಂಡವರನ್ನು ಬೈಯಬೇಡಿ, ಮುಂದಿನ ಸಲ ಅವರೇ ಮೊದಲು ಬಂದು ಹೇಳುತ್ತಾರೆ. ನಿಮ್ಮ ಬಾಗಿಲ ಹಿಂದೆ ಅಂಥ ಮೂಟೆಯೊಂದು ಈಗಾಗಲೇ ಬಿದ್ದಿದ್ದರೆ, ಇವತ್ತೇ ಬೆಳಕಿಗೆ ತಂದು ಒಳಹೊರಗು ಮಾಡಿ ನೋಡಿ.