ಆಶೀರ್ವಾದಕ್ಕೆ ಮುಂಚೆ

ಟೋಪಿ ತೆಗೆದರು, ಇಬ್ಬರೂ ಒಟ್ಟಿಗೇ, ತೆಗೆದು ಕಂಕುಳಲ್ಲಿ ಇಟ್ಟುಕೊಂಡರು, ಬಾಗಿಲ ಬಳಿ ಕೊನೆಯ ಬೆಂಚಿನ ಹಿಂದೆ ನಿಂತರು, ಕೂರಲಿಲ್ಲ — ಕೂರಲು ಬಂದವರಲ್ಲ ಇವರು, ಪಾಸ್ಟರ್‌ಗೆ ಗೊತ್ತು, ಮಿಲಿಟರಿಯವರು ಇಸ್ತ್ರಿ ಮುರಿಯದ ಸಮವಸ್ತ್ರದಲ್ಲಿ ಭಾನುವಾರ ಚರ್ಚಿಗೆ ಬರುವುದು ಪ್ರಾರ್ಥನೆಗಲ್ಲ, ಯಾರದೋ ಮನೆಗೆ ಹೋಗಿ, ಬೀಗ ನೋಡಿ, ಪಕ್ಕದವರನ್ನು ಕೇಳಿಕೊಂಡು ಇಲ್ಲಿಗೆ ಬಂದಿದ್ದಾರೆ, ಯಾರ ಮನೆ, ಈ ಸಭೆಯಿಂದ ಗಡಿಗೆ ಹೋದವರು ಇಬ್ಬರೇ, ಒಬ್ಬ ಬೇಕರಿ ಅಕ್ಕನ ಮಗ, ಇನ್ನೊಬ್ಬ ತನ್ನ ಮಗ, ಒಂದೇ ತುಕಡಿ, ಒಂದೇ ಡೇರೆ, ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ಕೈಯಲ್ಲಿ ಪ್ರಭುಭೋಜನದ ರೊಟ್ಟಿ ಇದೆ, ಮೇಲೆತ್ತಿದ ರೊಟ್ಟಿ, ಮುರಿಯಬೇಕು, ಬಾಯಿ ತನ್ನ ಪಾಡಿಗೆ ಹೇಳುತ್ತಲೇ ಇದೆ, ನಮಗೋಸ್ಕರ ಒಪ್ಪಿಸಿಕೊಟ್ಟ ದೇಹ, ಗಾಣದೆತ್ತಿಗೆ ದಾರಿ ಹೇಳಿಕೊಡಬೇಕೇ — ಬೇರೆ ಯಾರೂ ಅವರನ್ನು ನೋಡಿಲ್ಲ, ಎಲ್ಲರ ಮುಖ ಇತ್ತ, ತನ್ನೊಬ್ಬನ ಮುಖ ಅತ್ತ, ಹೆಂಡತಿ ಹಾರ್ಮೋನಿಯಂ ಮುಂದೆ, ಅವಳ ಬೆನ್ನು ಬಾಗಿಲಿಗೆ, ಪುಣ್ಯವಂತೆ, ಇನ್ನೂ ಸ್ವಲ್ಪ ಹೊತ್ತು ಪುಣ್ಯವಂತೆ. ಇಬ್ಬರಲ್ಲಿ ವಯಸ್ಸಾದವನು, ಎದೆಯ ಮೇಲೆ ಬಣ್ಣದ ಪಟ್ಟಿಗಳಿರುವವನು, ತಲೆ ಸ್ವಲ್ಪ ಬಗ್ಗಿಸಿದ, ಅಂದರೆ ಮುಗಿಸಿ, ಕಾಯುತ್ತೇವೆ. ಮುಗಿಯದಿದ್ದರೆ? ಆರಾಧನೆ ಮುಗಿಯುವ ತನಕ ಯಾರೂ ಸತ್ತಿಲ್ಲ.

ಒಬ್ಬೊಬ್ಬರೇ ಎದ್ದು ಬರುತ್ತಿದ್ದಾರೆ, ಕೈ ಚಾಚುತ್ತಿದ್ದಾರೆ, ಅವನು ಚೂರು ಮುರಿದು ಇಡುತ್ತಿದ್ದಾನೆ, ನಿಧಾನ, ಇನ್ನೂ ನಿಧಾನ, ಅಕ್ಕ ಬಂದಳು, ಗಂಡ ಹೋದ ಮೇಲೆ ಒಲೆ ಉರಿಸಿ ಮಗನನ್ನು ಸಾಕಿದವಳು, ಈ ರೊಟ್ಟಿಯನ್ನೂ ಬೆಳಿಗ್ಗೆ ಅವಳೇ ಸುಟ್ಟು ತಂದದ್ದು, ಬಿಸಿ ಆರಿಲ್ಲ ಪಾಸ್ಟ್ರೇ, ಸುತ್ತಿರೋ ಬಟ್ಟೆ ಬಿಚ್ಬೇಡಿ ಅಂದಿದ್ದಳು, ಈಗ ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡಳು, ಒಂದು ಚೂರು ಅವಳ ಕೆಳತುಟಿಯ ಮೇಲೆ ಉಳಿಯಿತು, ಬಿಳಿ, ಇಷ್ಟೇ ಇಷ್ಟು — ಆಗಲೇ ಅದು ಅವನ ಒಳಗೆ ಬಂದು ಹೋಯಿತು, ಮಾತಾಗಿ ಅಲ್ಲ, ಮೈ ಒಂದು ಕಡೆ ವಾಲಿದ ಹಾಗೆ: ಇವಳ ಮಗನಾಗಿರಲಿ. ಛೀ. ನಾನಲ್ಲ ಅಂದಿದ್ದು. ಯಾರು ಮತ್ತೆ? ಹುಡುಗರನ್ನು ಕಳಿಸಿಕೊಟ್ಟ ದಿನ ಇದೇ ಜಾಗದಲ್ಲಿ ನಿಂತು ಎಷ್ಟು ಚೆನ್ನಾಗಿ ಮಾತಾಡಿದ್ದೆ, ಇನ್ನೊಬ್ಬನಿಗಾಗಿ ಪ್ರಾಣ ಬಿಡುವವನು ಶಿಲುಬೆಯ ಪಕ್ಕದಲ್ಲಿ ನಿಲ್ಲುತ್ತಾನೆ ಅಂತ, ಹೆಂಗಸರು ಸೆರಗಿನಲ್ಲಿ ಮೂಗು ಒರೆಸಿಕೊಂಡರು, ಅಕ್ಕ ಮಾತ್ರ ಆಮೇಲೆ ಬಾಗಿಲಲ್ಲಿ ತಡೆದು, ನೀವು ಚೆಂದ ಹೇಳ್ತೀರ ಪಾಸ್ಟ್ರೇ, ಮಕ್ಕಳು ಅದನ್ನ ನಿಜ ಅಂದ್ಕೊಂಡ್ಬಿಡ್ತಾರೆ, ಅಂದಳು, ಅವಳ ಮಗ ನಕ್ಕ, ಗುಂಡುಗುಂಡಾಗಿದ್ದ ಹುಡುಗ, ಎಲ್ಲರೂ ಕರೆಯುವುದೇ ಬನ್ನು ಅಂತ, ನಮ್ಮಮ್ಮಂಗೆ ನಾನಿನ್ನೂ ಓವನ್ನಿಂದ ಈಚೆಗೇ ಬಂದಿಲ್ಲ ಅಂಕಲ್, ಅಂದ. ದೇವರು ಕೇಳಿದನೆಂದು ಮಗನನ್ನು ಬಲಿಗೆ ಬೆಟ್ಟ ಹತ್ತಿಸಿದ ಮುದುಕನ ಕಥೆ ಎಷ್ಟು ಸಲ ಹೇಳಿಲ್ಲ, ಕೊನೇ ಗಳಿಗೆಯಲ್ಲಿ ಬದಲಿಗೆ ಪೊದೆಯಲ್ಲಿ ಟಗರು ಸಿಕ್ಕಿತು, ಮಗ ಉಳಿದ, ದೇವರಿಗೆ ಸ್ತೋತ್ರ — ಆ ಟಗರಿಗೂ ತಾಯಿ ಇದ್ದಿರಬೇಕಲ್ಲ.

ಅಕ್ಕ ಹೋಗಿ ಮುಂದಿನ ಬೆಂಚಿನಲ್ಲಿ ಕೂತಿದ್ದಾಳೆ, ಚೂರು ಅಲ್ಲೇ ಇದೆ, ಒರೆಸಿಕೋ ತಾಯಿ, ಒರೆಸಿಕೋ, ಇನ್ನೊಂದು ಗೀತೆ ಹಾಡೋಣ ಅಂದ, ಹಾಡಿದರು, ಮತ್ತೊಂದು ಅಂದ, ಹೆಂಡತಿ ಹಾರ್ಮೋನಿಯಂ ಮೇಲಿಂದ ಕತ್ತೆತ್ತಿ ಪಿಸುಗುಟ್ಟಿದಳು, ಯಾಕ್ರೀ, ಮೈ ಹುಷಾರಿಲ್ವಾ, ಮುಖ ಬಿಳುಚ್ಕೊಂಡಿದೆ, ತಿರುಗಿ ನೋಡಬೇಡ, ನೀನು ಬಾರಿಸು — ಯಾವುದೋ ಮಗು ರಚ್ಚೆ ಹಿಡಿಯಿತು, ಮುದುಕರೊಬ್ಬರು ಗಡಿಯಾರ ನೋಡಿದರು, ಇನ್ನು ಏನೂ ಉಳಿದಿಲ್ಲ, ಎರಡೂ ಕೈ ಎತ್ತಬೇಕು, ಎತ್ತಿದ, ಶಾಂತಿ ನಿಮ್ಮೊಂದಿಗಿರಲಿ ಅಂದ, ಎಲ್ಲರೂ ಎದ್ದು ತಿರುಗಿದರು, ನೋಡಿದರು. ಬೂಟುಗಳು ಬರುತ್ತಿವೆ, ಬೆಂಚುಗಳ ನಡುವೆ, ನೇರ ತನ್ನ ಕಡೆಗೇ, ಹೆಂಡತಿ ಎದ್ದು ಅವನ ತೋಳು ಹಿಡಿದಳು, ಉಗುರು ಊರಿತು, ದೇವರೇ, ಬೂಟು ನಿಂತವು, ಮುಂದಿನ ಬೆಂಚಿನ ಹತ್ತಿರ, ಅಕ್ಕನ ಹತ್ತಿರ — ಮತ್ತು ಅವನು ಉಸಿರು ಬಿಟ್ಟ, ಅಷ್ಟು ದೊಡ್ಡ ಉಸಿರು, ಸ್ತೋತ್ರ ಸ್ವಾಮಿ ಅಂತ ಎದೆ ಅಂದೇಬಿಟ್ಟಿತು, ಹಿಡಿಯುವ ಮೊದಲೇ. ಅಮ್ಮಾ, ಕೂತ್ಕೊಳ್ಳಿ, ಅಂದ ಪಟ್ಟಿಗಳಿರುವವನು, ಅವಳು ಕೂರಲಿಲ್ಲ, ಗಾಡಿಗೆ ಬೆಂಕಿ ಬಿತ್ತಮ್ಮ, ನಿಮ್ಮ ಮಗ ಆಚೆ ಬಂದಿದ್ದ, ಏನೂ ಆಗಿರ್ಲಿಲ್ಲ ಅವನಿಗೆ, ಒಳಗೆ ಒಬ್ಬ ಸಿಕ್ಕಿಹಾಕ್ಕೊಂಡಿದ್ದ, ವಾಪಸ್ ಹೋದ, ಎಳೆದು ಈಚೆಗೆ ನೂಕಿದ, ತಾನು ಬರೋಕಾಗ್ಲಿಲ್ಲ — ಮಾತು ನಿಲ್ಲಿಸಿ ಪಾಸ್ಟರ್ ಕಡೆ ನೋಡಿದ, ನೂಕಿದ್ದು ನಿಮ್ಮ ಮಗನನ್ನ, ಆಸ್ಪತ್ರೇಲಿದಾನೆ, ಬದುಕ್ತಾನೆ. ಹೆಂಡತಿ ಕುಸಿದು ಕೂತಳು. ಅಕ್ಕ ಅಳಲಿಲ್ಲ, ತಿರುಗಿದಳು, ಅವನತ್ತ ನೋಡಿದಳು, ನಿಮ್ಮವನು ಉಳ್ಕೊಂಡ್ನಲ್ಲ, ಅಂದಳು, ಅಷ್ಟೇ ಸಾಕು ಅನ್ನುವ ಹಾಗೆ, ಆಮೇಲೆ, ಒಂದು ಪ್ರಾರ್ಥನೆ ಹೇಳಿ ಪಾಸ್ಟ್ರೇ, ನೀವು ಕೇಳಿದ್ದು ದೇವರಿಗೆ ಮುಟ್ಟುತ್ತೆ, ಕಣ್ಣು ಮುಚ್ಚಿ ಕೈ ಜೋಡಿಸಿ ಕಾದಳು, ಬಾಯಿ ತೆರೆದ, ಏನೂ ಬರಲಿಲ್ಲ, ವರ್ಷಗಟ್ಟಲೆ ತಾನಾಗಿ ನಡೆದ ಬಾಯಿ, ಅವಳ ತುಟಿ ನಡುಗುತ್ತಿದೆ, ಅದರ ಮೇಲೆ ಆ ಚೂರು, ಬಿಳಿ, ಇನ್ನೂ ಬಿದ್ದಿಲ್ಲ, ಆ ಚೂರು —